ನಾನು ಕಟ್ಟಿದ ಮಾಯಾಲೋಕಕ್ಕೆ ಕಾಲಿಟ್ಟವರು

ಲೋಕ ಸೃಷ್ಟಿ ಮಾಡಿದ ಬ್ರಹ್ಮನಿಗೆ ಪೂಜೆ ಯಾಕಿಲ್ಲ ಅಂತ ನನಗೆ ಈಗ ಗೊತ್ತಾಗಿದೆ. ನಮ್ಮಲ್ಲಿ ಯಾರಾದರೂ ಒಂದು ಲೋಕ ಕಟ್ಟಿದರೆ ಸಾಕು, ಬಂದವರೆಲ್ಲ ಅದನ್ನ ರಿಪೇರಿ ಮಾಡೋಕೆ ಶುರು ಹಚ್ಕೋತಾರೆ. ನನಗಂತೂ ಇದು ಅಭ್ಯಾಸವೇ ಆಗಿಹೋಗಿತ್ತು.

ಬೆಂಗಳೂರಿನ ಅತ್ತಿಗುಪ್ಪೆಯಲ್ಲಿ ಬೇಕರಿ ಮೇಲಿನ ಸಣ್ಣ ಆಫೀಸು. ಅಲ್ಲಿ ಕೂತು ನಾನು ಕನ್ನಡದಲ್ಲಿ ಒಂದು ಕಂಪ್ಯೂಟರ್ ಆಟ ಬರೀತಿದ್ದೆ. ಚಿತ್ರ ಇಲ್ಲ, ಬರೀ ಮಾತು. ‘ನೀವು ಕೋಟೆ ಬಾಗಿಲ ಮುಂದೆ ನಿಂತಿದ್ದೀರಿ’ ಅಂತ ಪರದೆ ಹೇಳುತ್ತೆ. ‘ಬಾಗಿಲು ತೆಗೆ’ ಅಂತ ನೀವು ಟೈಪ್ ಮಾಡಬೇಕು. ಹೀಗೇ ಅರಮನೆ, ಕಾಡು, ದೇವಸ್ಥಾನ ಎಲ್ಲಾ ಸುತ್ತಿ ಕೊನೆಗೆ ಒಂದು ನದಿ ಮುಟ್ಟಬೇಕು. ಆ ನೀರನ್ನ ಬೊಗಸೆಯಲ್ಲಿ ಕುಡಿದರೆ ಶಾಪ ಬಿಟ್ಟುಹೋಗುತ್ತೆ, ಆಟ ಗೆದ್ದಂಗೆ.

ನಮ್ಮಜ್ಜಿ ಇಲ್ಲೇ ವೃಷಭಾವತಿ ನದಿಯಲ್ಲಿ ಬಟ್ಟೆ ಒಗೆದು, ಬಾಯಾರಿದರೆ ಅದೇ ಹೊಳೆ ನೀರು ಕುಡಿದು ಮನೆಗೆ ಬರ್ತಿದ್ದರಂತೆ. ಮೋರಿಯಾದ ಆ ಹೊಳೆಯಲ್ಲಿ ನಾನು ಕಂಡಿದ್ದು ಬರೀ ನೊರೆ, ನಾತ. ಆ ಹೊಟ್ಟೆಉರಿಗೇ ನದಿ ಬರೆದೆ. ಇಡೀ ಲೋಕ ಕಟ್ಟಿದ್ದು ಆ ಒಂದು ಬೊಗಸೆ ನೀರಿಗೋಸ್ಕರ.

ನಮ್ಮ ಕಂಪನಿ ಓನರ್ ಮಾತ್ರ ಕಡ್ಡಿ ಮುರಿದಂಗೆ ಹೇಳಿಬಿಟ್ಟರು: “ಮೇಡಂ, ಶುಕ್ರವಾರದೊಳಗೆ ಒಬ್ಬರಾದ್ರೂ ಕೊನೇ ತನಕ ಆಡಿ ತೋರಿಸ್ಲಿ. ಇಲ್ಲಾಂದ್ರೆ ಇದನ್ನ ಇಲ್ಲಿಗೇ ಮುಚ್ಚಿಬಿಡೋಣ.”

ರಾಕ್ಷಸನ ವಾಸ್ತು

ಮೊದಲು ಆಡೋಕೆ ಕೂತವರು ಓನರ್ರೇ. ಅರಮನೆ ಬಾಗಿಲ ಹತ್ತಿರವೇ ಸಿಕ್ಕಿಹಾಕಿಕೊಂಡರು.

“ಮುಖ್ಯ ಬಾಗಿಲು ದಕ್ಷಿಣಕ್ಕಾ? ಹುಚ್ಚಾ ನಿಮಗೆ?”

“ಸಾರ್, ಅದು ರಾಕ್ಷಸನ ಅರಮನೆ.”

“ರಾಕ್ಷಸಂದಾದ್ರೇನು, ಬಂಡವಾಳ ನಂದಲ್ವಾ?”

ಬಾಗಿಲನ್ನ ಪೂರ್ವಕ್ಕೆ ತಿರುಗಿಸಿದೆ. ಇಂಥ ಆಟದಲ್ಲಿ ಒಂದು ಬಾಗಿಲು ತಿರುಗಿಸಿದರೆ ದಾರಿಯೆಲ್ಲಾ ತಿರುಗುತ್ತೆ. ಅಡುಗೆಮನೆ ಕೆರೆಯೊಳಗೆ ಹೋಯ್ತು, ಕಾವಲುಗಾರರು ಬಚ್ಚಲುಮನೆಯಲ್ಲಿ ಈಟಿ ಹಿಡಿದು ನಿಂತರು. ಎಲ್ಲಾ ಸರಿಮಾಡೋ ಹೊತ್ತಿಗೆ ನನ್ನ ಹೆಣ ಬಿತ್ತು. ಓನರ್‌ಗೆ ಭಾರೀ ಖುಷಿ.

“ಈಗ ನೋಡಿ, ರಾಕ್ಷಸ ಉದ್ಧಾರ ಆಗ್ತಾನೆ,” ಅಂತ ಆಟ ಅಲ್ಲಿಗೇ ಬಿಟ್ಟು ಎದ್ದರು.

ಮುಂದಿನ ಕೋಣೆಯಲ್ಲೇ ಅವನು ಸಾಯ್ತಾನೆ ಅಂತ ನಾನು ಹೇಳೋಕೆ ಹೋಗಲಿಲ್ಲ.

ಕಾಡಿನಲ್ಲಿ ಯಾರನ್ನ ಕೇಳೋದು

ನಮ್ಮ ಮನೆ ಮೇಲಿನ ರೂಮಿನಲ್ಲಿರೋನು ವಿಜಯಪುರದ ಕಡೆಯವನು, ಊಟ ಡೆಲಿವರಿ ಮಾಡ್ತಾನೆ. ಇಲ್ಲಿನ ವಿಜಯನಗರದ ಕ್ರಾಸುಗಳನ್ನೇ ಅರೆದು ಕುಡಿದವನಿಗೆ ನನ್ನ ಕಾಡು ಯಾವ ಲೆಕ್ಕ ಅಂತ, ಅವನ ರಜಾ ದಿನ ಹಿಡಿದು ಕೂರಿಸಿದೆ. ದಾರಿ ಕವಲಾಯ್ತು. ‘ಯಾರನ್ನರ ಕೇಳು’ ಅಂತ ಟೈಪ್ ಮಾಡಿದ. ‘ಇಲ್ಲಿ ಯಾರೂ ಇಲ್ಲ’ ಅಂತು ಪರದೆ.

“ಅಕ್ಕಾರ, ಒಂದ್ ಪಾನ್ ಅಂಗಡಿನೂ ಇಲ್ಲೇನ್ರಿ?”

“ಕಾಡು ಕಣೋ ಇದು! ದಾರಿ ಹುಡುಕೋದೇ ಆಟ.”

“ದಾರಿ ಹುಡುಕೂದು ನನ್ ಕೆಲಸ ಐತ್ರಿ. ರಜಾದಾಗೂ ಅದನ್ನ ಮಾಡ್ಲೇನ್ರಿ?”

ಎದ್ದು ಹೋಗೋವಾಗ ಆಟಕ್ಕೆ ಒಂದೇ ಒಂದು ಸ್ಟಾರ್ ಕೊಟ್ಟ. ನನ್ನ ಮುಖ ನೋಡಿ ಸಮಾಧಾನವನ್ನೂ ಹೇಳಿದ: “ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ, ನನಗೂ ಹಿಂಗ ಕೊಡ್ತಾರ.”

ಚಪ್ಪಲಿ

ಶುಕ್ರವಾರ ಬಂದೇಬಿಡ್ತು. ಉಳಿದವರು ನಮ್ಮ ಅಕೌಂಟ್ಸ್ ಆಂಟಿ ಒಬ್ಬರೇ, ಕೆಂಗೇರಿಯಿಂದ ಮೆಟ್ರೋದಲ್ಲಿ ಬರೋರು. ಊಟದ ಡಬ್ಬಿ ಮುಚ್ಚಿ ಕೂತರು, ಕಾಡನ್ನ ಸರಸರ ದಾಟಿದರು. ದೇವಸ್ಥಾನದ ಮುಂದೆ ‘ಚಪ್ಪಲಿ ಬಿಡು’ ಅಂದರು. ‘ನಿಮ್ಮ ಹತ್ತಿರ ಚಪ್ಪಲಿ ಇಲ್ಲ’ ಅಂತು ಪರದೆ.

“ಅಯ್ಯೋ, ಇಷ್ಟೊತ್ತು ಬರಿಗಾಲಲ್ಲಿ ಕಾಡು ಸುತ್ತಿಸಿದ್ಯೇನೇ ನನ್ನ?”

ಪಕ್ಕದಲ್ಲೇ ಕೂತು ಗಡಿಬಿಡಿಯಲ್ಲಿ ಒಂದು ಜೊತೆ ಚಪ್ಪಲಿ ಸೇರಿಸಿದೆ. ಆಂಟಿ ಬಿಟ್ಟರು, ಒಳಗೆ ಹೋಗಿ ಕೈಮುಗಿದರು, ಹೊರಗೆ ಬಂದರು. ಚಪ್ಪಲಿ ಮಾಯ! ಬಿಟ್ಟ ಜಾಗದಲ್ಲೇ ಅವು ಇರಬೇಕು ಅಂತ ಬರೆಯೋದನ್ನ ನಾನು ಮರೆತಿದ್ದೆ.

“ಹೂಂ,” ಅಂತ ಆಂಟಿ ತಲೆದೂಗಿದರು. “ಈಗ ನಿಜವಾದ ದೇವಸ್ಥಾನ ಅನ್ನಿಸ್ತು ಕಣೇ.”

ನದಿ

ಅದೇ ಉತ್ಸಾಹದಲ್ಲಿ ನದಿಗೂ ಬಂದುಬಿಟ್ಟರು. ಓನರ್ ಬಂದು ಹಿಂದೆ ನಿಂತರು. ತಳದ ಕಲ್ಲು ಕಾಣೋ ತಿಳಿನೀರು, ಕಾಲಿಗೆ ಕಚಗುಳಿ ಇಡೋ ಮೀನು, ನಾನು ಪ್ರಾಣ ಇಟ್ಟು ಬರೆದ ಮಾತುಗಳು. ಆಂಟಿ ಪೂರ್ತಿ ಓದಿದರು. ಆಮೇಲೆ ಟೈಪ್ ಮಾಡಿದರು: ‘ಮೂಗು ಮುಚ್ಚಿಕೋ.’

‘ಅರ್ಥವಾಗಲಿಲ್ಲ’ ಅಂತು ಪರದೆ.

‘ಬೇಗ ದಾಟು.’

“ಆಂಟಿ, ಆ ನೀರು ಕುಡೀಬೇಕು,” ಅಂತ ಅಂಗಲಾಚಿದೆ.

“ನದಿ ನೀರಾ? ನಿನ್ನ ತಲೆ! ದಿನಾ ಮೂಗಿಗೆ ಸೆರಗು ಹಿಡ್ಕೊಂಡು ಆ ವೃಷಭಾವತಿ ಮೋರಿ ದಾಟಿ ಬರೋಳು ನಾನು.”

“ತಿಳಿನೀರು ಆಂಟಿ. ನೋಡಿ, ಬರೆದಿದೀನಲ್ಲ.”

“ಬರೆದಿರ್ತಾರೆ ಕಣೇ. ಅಲ್ಲೂ ಬೋರ್ಡ್ ಮೇಲೆ ನದಿ ಅಂತಾನೇ ಬರೆದಿರೋದು.”

ನನಗೆ ಅಳುನೇ ಬಂತು. ಓನರ್ ಗಡಿಯಾರ ನೋಡಿಕೊಂಡು, “ಅಲ್ಲೊಂದು ನೀರಿನ ಕ್ಯಾನ್ ಇಟ್ಟುಬಿಡಿ ಮೇಡಂ. ಶಾಪ ಬಿಡೋಕೆ ಯಾವ ನೀರಾದ್ರೇನು?” ಅಂದರು.

ಇಟ್ಟೆ. ನಮ್ಮಜ್ಜಿಯ ನದಿ ದಡದಲ್ಲಿ ನನ್ನ ಕೈಯಾರೆ ಪ್ಲಾಸ್ಟಿಕ್ ಕ್ಯಾನ್ ಇಟ್ಟೆ. ಆಂಟಿ ಕುಡಿದರು, ಶಾಪ ಬಿಡ್ತು, ಓನರ್ ಚಪ್ಪಾಳೆ ತಟ್ಟಿದರು. ಆಟ ಉಳೀತು. ನದಿಯನ್ನ ಯಾರೂ ಮುಟ್ಟಲಿಲ್ಲ.

ಈಗ ಆಟ ಹೊರಗೆ ಬಂದಿದೆ. ಮೊನ್ನೆ ಕೊನೇ ತನಕ ಆಡಿದ ಯಾರೋ ಒಬ್ಬರು ಮೆಸೇಜ್ ಮಾಡಿದ್ದರು. ನದಿ ಬಗ್ಗೆ ಒಂದು ಮಾತಾದರೂ ಇರುತ್ತೆ ಅಂತ ಆಸೆಯಿಂದ ತೆಗೆದೆ.

“ಮೇಡಂ, ಆಟ ಸೂಪರ್. ಕ್ಯಾನ್ ಖಾಲಿ ಆದ್ರೆ ಯಾರಿಗೆ ಫೋನ್ ಮಾಡ್ಬೇಕು?”