ಸೂಜಿ ಮುಟ್ಟದ ಕಂಬಳಿ

ಮಿಕ್ಸರ್ ರಿಪೇರಿಯ ರೇವಣಸಿದ್ದಪ್ಪ ತನ್ನ ಹೊಸ ಯಂತ್ರವನ್ನು ಪಡಸಾಲೆಯ ನಡುವೆ ಇಟ್ಟು, ಅದಕ್ಕೊಂದು ದಾಸವಾಳ ಏರಿಸಿ, ಅಕ್ಕ ಮಾಳವ್ವನನ್ನು ಕರೆದ. ಹಳೆಯ ರೇಡಿಯೋದ ಹೊಟ್ಟೆಯಲ್ಲಿ ಗ್ರೈಂಡರಿನ ಮೋಟಾರು ಕೂತಿತ್ತು.

"ನುಸಿ ತಿಂದದ್ದನ್ನ ನುಸಿ ಕಡಿಂದನ ವಾಪಸ್ ನೇಯಿಸ್ತೈತಿ ಅಕ್ಕಾ!"

ಮಾಳವ್ವ ನಗಲಿಲ್ಲ. ಹೋದ ವರ್ಷ ಇವನು ಮಾಡಿದ ರೊಟ್ಟಿ ಬಡಿಯುವ ಯಂತ್ರ ರೊಟ್ಟಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಬಡಿದಿತ್ತು. ಆದರೆ ಈ ಸಲ ಆಕೆಗೆ ಬೇರೆ ದಾರಿ ಇರಲಿಲ್ಲ. ಅವ್ವ ನೂತು ನೇಯಿಸಿದ ಕರಿ ಕಂಬಳಿಯ ಮೇಲೆ ಕೂತೇ ಆ ಮನೆಯ ಮದುವೆಗಳು ಆಗಬೇಕು. ಅದರಲ್ಲಿ ತೂತು ಇರಬಾರದು, ಅದಕ್ಕೆ ಸೂಜಿ ಮುಟ್ಟಿಸಬಾರದು, ಅದು ಹೊಸ್ತಿಲು ದಾಟಬಾರದು. ಮಾಳವ್ವ ತನ್ನ ಮದುವೆಯ ದಿನ ಅದನ್ನು ತಬ್ಬಿ ಅತ್ತಾಗ ಅವ್ವ ಅವಳ ಬೆರಳು ಬಿಡಿಸಿ ಕಂಬಳಿಯನ್ನು ಒಳಗಿಟ್ಟಿದ್ದಳು. ವಿಧವೆಯಾಗಿ ತವರಿಗೆ ಮರಳಿದ ಮೇಲೆ, ತಮ್ಮನ ತಾಯಿಯಿಲ್ಲದ ಮಗಳು ನೀಲವ್ವನನ್ನು ಅದೇ ಕಂಬಳಿಯಲ್ಲಿ ಸುತ್ತಿ ಬೆಳೆಸಿದವಳು ಮಾಳವ್ವ.

ಈಗ ನೀಲವ್ವನ ಮದುವೆ. ಪೆಟ್ಟಿಗೆ ತೆರೆದರೆ ಕಂಬಳಿ ಜರಡಿಯಾಗಿತ್ತು. ಪೆಟ್ಟಿಗೆಯಲ್ಲಿದ್ದ ನುಸಿಗುಳಿಗೆಗಳನ್ನು ಹಿಂದಿನ ಯಾವುದೋ ಯಂತ್ರಕ್ಕೆಂದು ಎತ್ತಿಕೊಂಡು ಹೋದವನು ಇದೇ ತಮ್ಮ.

ಯಂತ್ರ ಗುಂಯ್ ಎಂದಿತು. ಎದುರು ಹಾಸಿದ್ದ ಕಂಬಳಿಯೊಳಗಿಂದ ಅಕ್ಕಿಕಾಳಿನಷ್ಟು ದಪ್ಪದ ಬಿಳಿ ಹುಳಗಳು ಎದ್ದು, ಹಿಂದೆ ಹಿಂದೆ ಸರಿಯುತ್ತ, ತಿಂದ ಉಣ್ಣೆಯನ್ನೆಲ್ಲ ಎಳೆಯಾಗಿ ಕಕ್ಕತೊಡಗಿದವು. ಒಂದು ತೂತು ಮುಚ್ಚಿತು. ಅವ್ವನ ಕರಿ ಎಳೆಯನ್ನು ಮತ್ತೆ ಕಂಡ ಮಾಳವ್ವನಿಗೆ ಕಣ್ಣು ತುಂಬಿ ಬಂತು.

ಮಧ್ಯಾಹ್ನದ ಹೊತ್ತಿಗೆ ಓಣಿಯ ಹುಳಗಳೆಲ್ಲ ಸಾಲುಗಟ್ಟಿ ಬಂದವು. ಅವೂ ತಮ್ಮ ಹೊಟ್ಟೆಯಲ್ಲಿದ್ದದ್ದನ್ನು ಅಲ್ಲೇ ನೇಯ್ದವು. ಮೇಷ್ಟ್ರ ಹಸಿರು ಸ್ವೆಟರು ಒಂದು ಮೂಲೆಗೆ, ಕಿರಾಣಿ ಅಂಗಡಿಯವನ ಕೆಂಪು ಮಂಕಿ ಟೋಪಿ ಇನ್ನೊಂದು ಮೂಲೆಗೆ! ಮೇಷ್ಟ್ರು ಬಂದು ತಮ್ಮ ಸ್ವೆಟರಿನ ತೋಳನ್ನು ಗುರುತು ಹಿಡಿದು, ದುಃಖದಿಂದ ಸವರಿ ಹೋದರು.

"ಸಾಕು, ಬಂದ್ ಮಾಡೋ. ಗುಂಡಿ ಎಲ್ಲೈತಿ?"

"ಬಂದ್ ಮಾಡೋ ಗುಂಡಿ ಕೆಡೋ ಮಷೀನಿಗೆ ಬೇಕು ಅಕ್ಕಾ. ಇದಕ ಹಚ್ಚಿಲ್ಲ."

ಪ್ಲಗ್ ಕಿತ್ತರೂ ಅದು ನಿಲ್ಲಲಿಲ್ಲ. ಕರೆಂಟಿನ ಮೇಲೆ ನಂಬಿಕೆಯಿಲ್ಲದ ರೇವಣಸಿದ್ದಪ್ಪ ಒಳಗೆ ಬ್ಯಾಟರಿಯನ್ನೂ ಬೆಸೆದಿದ್ದ.

ಮದುವೆಯ ದಿನ ಕುಲದ ಹಿರಿಯ ಕರಿಯಪ್ಪಜ್ಜ ಕಂಬಳಿಯನ್ನು ಇಂಚಿಂಚೂ ತಡವಿ ನೋಡಿದ. ತೂತಿಲ್ಲ, ಸೂಜಿ ಮುಟ್ಟಿಲ್ಲ, ಬಣ್ಣದ ಬಗ್ಗೆ ಹಿಂದಿನವರು ಏನೂ ಹೇಳಿಲ್ಲ ಎಂದು ತೀರ್ಪು ಕೊಟ್ಟ. ಮಾಳವ್ವನ ಎದೆ ಹಗುರಾಯಿತು. ಕಂಬಳಿಯ ಮೇಲೆ ಕೂತ ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದವು. ವಧೂವರರು ಏಳಲು ಹೋದರು, ಏಳಲಾಗಲಿಲ್ಲ. ತೂತು ಮುಗಿದರೂ ಕೆಲಸ ಮುಗಿಯದ ಹುಳಗಳು ವರನ ಉಣ್ಣೆ ಕೋಟನ್ನೂ ನೀಲವ್ವನ ರೇಷ್ಮೆ ಸೀರೆಯನ್ನೂ ಕಂಬಳಿಗೆ ಸೇರಿಸಿ ನೇಯ್ದುಬಿಟ್ಟಿದ್ದವು!

ರೇವಣಸಿದ್ದಪ್ಪ ಕತ್ತರಿ ತಂದ. ನೀಲವ್ವ ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅಳುತ್ತಿದ್ದಳು. ಆ ಬೆರಳುಗಳನ್ನು ಮಾಳವ್ವ ಬಹಳ ಹೊತ್ತು ನೋಡಿದಳು.

"ಕತ್ರಿ ಒಳಗಿಡು," ಎಂದಳು. "ಹಂಗ ಎತ್ರಿ."

ಗಂಡಸರು ಸೇರಿ ಮದುಮಕ್ಕಳನ್ನು ಕಂಬಳಿ ಸಮೇತ ಎತ್ತಿ, ಹೊಸ್ತಿಲು ದಾಟಿಸಿ, ಟೆಂಪೋದಲ್ಲಿ ಕೂರಿಸಿದರು. ಟೆಂಪೋ ಮರೆಯಾಗುವವರೆಗೆ ಮಾಳವ್ವ ಬಾಗಿಲಲ್ಲಿ ನಿಂತು ಅತ್ತಳು. ಪಡಸಾಲೆಯಲ್ಲಿ ಯಂತ್ರ ಇನ್ನೂ ಗುಂಯ್‌ಗುಡುತ್ತಿತ್ತು.

"ಕಂಬಳಿ ಹೊರಗ ಹೋತಲ್ಲಕ್ಕಾ," ಎಂದ ತಮ್ಮ, ಮೆಲ್ಲಗೆ. "ಅವ್ವ ಇದ್ದಿದ್ರ ಏನಂತಿದ್ಲು?"

ಮಾಳವ್ವ ಕಣ್ಣೊರೆಸಿಕೊಂಡಳು.

"ಅವ್ವಗ ಬರದ ಮನಸ್ಸು ನುಸಿಗೆ ಬಂತು, ತಗೋ. ನೀ ಮೊದ್ಲು ಅದಕೊಂದು ಗುಂಡಿ ಹಚ್ಚು."