ಟೇಪು ಸುತ್ತುವ ಪೆಟ್ಟಿಗೆ

ಬೀರುವಿನಷ್ಟು ಎತ್ತರದ ಪೆಟ್ಟಿಗೆಯ ಮೇಲಿಂದ ಹಳೆ ಬೆಡ್‌ಶೀಟನ್ನು ಸರಕ್ಕನೆ ಎಳೆದು, ತೀರ್ಥಪ್ಪ ಅಕ್ಕನ ಮುಖ ನೋಡಿದ.

"ಗುಂಡಿ ಒತ್ತಿದ್ರೆ ಕ್ಯಾಸೆಟ್ ಬರುತ್ತೆ. ವಾಪಸ್ ಹಾಕಿದ್ರೆ ನಾಲ್ಕೇ ಸೆಕೆಂಡಿಗೆ ಹಿಂದಕ್ಕೆ ಸುತ್ತಿಬಿಡುತ್ತೆ. ರಿವೈಂಡ್ ಮಾಡೋ ಬೇಜಾರಿಗೇ ಅಕ್ಕ, ಜನ ನಿನ್ನ ಅಂಗಡಿಗೆ ಬರದೆ ಇರೋದು."

ಪದ್ಮಾವತಮ್ಮನಿಗೆ ಕಾರಣ ಬೇರೆ ಇದೆಯೆಂದು ಗೊತ್ತಿತ್ತು. ಹರಿಹರದ ಆ ಬೀದಿಯಲ್ಲಿ ಅವರು ವಿಡಿಯೋ ಲೈಬ್ರರಿ ತೆರೆದು ಹದಿಮೂರು ವರ್ಷವಾಗಿತ್ತು. ಮೊದಮೊದಲು ಶನಿವಾರ ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡಲೂ ಜಾಗ ಸಿಗುತ್ತಿರಲಿಲ್ಲ. ಮದುವೆ ಮನೆಯವರು ಬೀಗರ ಬೇಸರ ಕಳೆಯಲು ವಿಸಿಆರ್ ಸಮೇತ ನಾಲ್ಕು ಸಿನಿಮಾ ಒಯ್ಯುತ್ತಿದ್ದರು. ಆಮೇಲೆ ಬೀದಿಗೆ ಕೇಬಲ್ ಬಂತು. ಈಗ ಅಂಗಡಿಗೆ ದಿನವೂ ತಪ್ಪದೆ ಬರುತ್ತಿದ್ದವರು ಪದ್ಮಾವತಮ್ಮ ಒಬ್ಬರೇ.

ರೇಡಿಯೋ ರಿಪೇರಿ ಬಿಟ್ಟು ಮೂರು ತಿಂಗಳು ಇದಕ್ಕೇ ಕೂತಿದ್ದ ತಮ್ಮನಿಗೆ ಬೇಡ ಎನ್ನಲು ಅವರಿಗೆ ಮನಸ್ಸು ಬರಲಿಲ್ಲ. ಒಂದು ಕ್ಯಾಸೆಟ್ ಹಾಕಿದರು. ಪೆಟ್ಟಿಗೆ ಅದನ್ನು ಗಿರ್ರನೆ ಸುತ್ತಿ, ತೀರ್ಥಪ್ಪನದೇ ದನಿಯಲ್ಲಿ "ವಂದನೆಗಳು, ಮತ್ತೆ ಬನ್ನಿ" ಎಂದಿತು.

"ಬಿಚ್ಚಿಕೊಂಡ ಟೇಪು ಹತ್ತಿರ ಎಲ್ಲಿದ್ರೂ ಇದಕ್ಕೆ ಗೊತ್ತಾಗುತ್ತೆ. ತಾನೇ ಎಳ್ಕೊಳ್ಳುತ್ತೆ," ಎಂದ ತೀರ್ಥಪ್ಪ.

ಅರ್ಧ ಗಂಟೆಯಲ್ಲಿ ಪಕ್ಕದ ಅಂಗಡಿಯ ಟೈಲರ್ ಮೌಲಾಸಾಬ್ ಒಂದೇ ತೋಳಿನ ಅಂಗಿ ಹಿಡಿದು ಬಂದರು.

"ಪದ್ಮಕ್ಕ, ನಾನು ಹೊಲಿತಾ ಇದ್ದೀನಿ, ಅದು ಬಿಚ್ಚಿಕೊಂಡು ನಿಮ್ಮ ಕಡೆಗೇ ಬರ್ತಾ ಇದೆ."

ಅವರ ದಾರದ ಹಿಂದೆಯೇ ಹೂವಿನ ಗೌರಮ್ಮನ ಬುಟ್ಟಿಯಿಂದ ಹತ್ತು ಮಾರು ಕಾಕಡ ತೆವಳುತ್ತ ಬಂದು ಪೆಟ್ಟಿಗೆಯೊಳಗೆ ನುಗ್ಗಿತು. ಉದ್ದವಾಗಿದ್ದುದೆಲ್ಲ ಅದಕ್ಕೆ ಟೇಪಿನ ಹಾಗೇ ಕಾಣುತ್ತಿತ್ತು. ಎದುರುಮನೆಯ ಬಟ್ಟೆ ಹಗ್ಗ ಎರಡು ಲುಂಗಿ, ಒಂದು ಲಂಗದ ಜೊತೆಗೇ ರಸ್ತೆ ದಾಟಿತು. ಪ್ರತಿಯೊಂದಕ್ಕೂ ಪೆಟ್ಟಿಗೆ ಮರ್ಯಾದೆಯಿಂದ ವಂದನೆ ಹೇಳಿತು.

"ಪ್ಲಗ್ ಕೀಳೋ!"

"ಕಿತ್ತೆ ಅಕ್ಕ. ಕರೆಂಟ್ ಹೋದ್ರೂ ಗಿರಾಕಿಗೆ ತೊಂದ್ರೆ ಆಗಬಾರದು ಅಂತ ಒಳಗೆ ಬ್ಯಾಟರಿ ಇಟ್ಟಿದ್ದೀನಿ."

ಅಷ್ಟರಲ್ಲಿ ಮೇಲೆ ಟಪ್ ಎಂದು ಸದ್ದಾಯಿತು. ಕಂಬದಿಂದ ಕಂಬಕ್ಕೆ ಎಳೆದಿದ್ದ ಕಪ್ಪು ಕೇಬಲ್ ಸಡಿಲಗೊಂಡು ಇಳಿಯತೊಡಗಿತು. ಅದನ್ನು ಹಿಡಿಯಲು ಹಾರಿದ ತೀರ್ಥಪ್ಪನ ಅಂಗಿಯನ್ನು ಪದ್ಮಾವತಮ್ಮ ಹಿಂದಿನಿಂದ ಹಿಡಿದುಕೊಂಡರು.

"ಇರು. ಕೈ ಸಿಕ್ಕಿಹಾಕಿಕೊಂಡೀತು," ಎಂದರು. ತಾವು ಹೇಳಿದ್ದು ಪೂರ್ತಿ ನಿಜವಲ್ಲವೆಂದು ಅವರಿಗೇ ಗೊತ್ತಿತ್ತು. ನಾಲ್ಕು ಬೀದಿಯ ಕೇಬಲ್ಲು ಒಳಗೆ ಹೋಗುವವರೆಗೂ ಅವರು ಕೈ ಬಿಡಲಿಲ್ಲ. ಹೊಟ್ಟೆ ತುಂಬಿದ ಪೆಟ್ಟಿಗೆ ಒಮ್ಮೆ ತೇಗಿ ಸುಮ್ಮನಾಯಿತು.

ಅಂದು ಸಂಜೆ ಟೀವಿಯಲ್ಲಿ ಬರೀ ಚುಕ್ಕೆ ಕಂಡ ಜನ ಒಬ್ಬೊಬ್ಬರಾಗಿ ಬಂದರು. ಮೂರು ದಿನ ಪದ್ಮಾವತಮ್ಮನಿಗೆ ಕೂರಲು ಬಿಡುವಿರಲಿಲ್ಲ. ಯಾರ ಮಗಳಿಗೆ ಹೆರಿಗೆಯಾಯಿತು, ಯಾರಿಗೆ ಕನ್ನಡಕ ಬಂತು, ಎಷ್ಟೋ ದಿನದ ಮೇಲೆ ಎಲ್ಲ ತಿಳಿಯಿತು. ಖುಷಿಯಾಯಿತು. ಆದರೆ ಮಂಚ ಬಿಟ್ಟೇಳದ ತನ್ನ ಅತ್ತೆ ಚುಕ್ಕೆಗಳನ್ನೇ ನೋಡುತ್ತ ಮಲಗಿದ್ದಾರೆಂದು ಗೌರಮ್ಮ ಹೇಳಿದಾಗ ಪದ್ಮಾವತಮ್ಮನಿಗೆ ಊಟ ಸೇರಲಿಲ್ಲ.

ನಾಲ್ಕನೆಯ ದಿನ ತಾವಾಗಿಯೇ ಕೇಬಲ್ ನಾಗೋಜಿಯನ್ನು ಕರೆಸಿ ಪೆಟ್ಟಿಗೆಯ ಬಾಗಿಲು ತೆರೆದರು. ಒಳಗೆ ಕೇಬಲ್ಲು ದಾರದುಂಡೆಯಂತೆ ನೀಟಾಗಿ ಸುತ್ತಿಕೊಂಡು ಕೂತಿತ್ತು. ನಡುನಡುವೆ ಕಾಕಡ ಹೂವು.

"ತಪ್ಪು ನನ್ನದಪ್ಪ. ತಡೀಬಹುದಿತ್ತು, ತಡೀಲಿಲ್ಲ."

ನಾಗೋಜಿ ಸಿಟ್ಟಾಗಲಿಲ್ಲ. ಸುರುಳಿಯನ್ನು ಸುತ್ತಲೂ ನೋಡಿ, ಕೈಯಾಡಿಸಿದ.

"ಅಕ್ಕಾರೆ, ಇಷ್ಟು ಸುತ್ತೋಕೆ ನಮ್ಮ ಆಳುಗಳಿಗೆ ವಾರ ಬೇಕು. ನನಗೂ ಇಂಥದೊಂದು ಮಾಡಿಸಿಕೊಡ್ತೀರಾ?"

"ಮಾಡಿಸಿಕೊಡೋಣ," ಎಂದರು ಪದ್ಮಾವತಮ್ಮ. "ಆದರೆ ನೀನು ಬೇರೆ ಊರಲ್ಲಿ ಇಟ್ಕೋಬೇಕು."