ಫುಟ್‌ಪಾತಿನಿಂದ ಬಂದ ದನಿ

ತೊಂದರೆಯೆಲ್ಲ ಶುರುವಾದದ್ದು ಒಂದು ಮುಳ್ಳಿನಿಂದ. ರೆಕಾರ್ಡಿಂಗ್ ಯಂತ್ರದ ಗಾಜಿನ ಹಿಂದೆ ದನಿಯ ಜೋರನ್ನು ಅಳೆಯುತ್ತಿದ್ದ ಆ ಮುಳ್ಳು, ಆರ್ಡೆಲಾ ಬಾಯಿ ತೆರೆದೊಡನೆ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕೆಂಪು ಗೆರೆಯಾಚೆ ನೆಗೆಯಿತು.

ಮೆಂಫಿಸ್ಸಿನಲ್ಲಿ, ಒಂದು ಕಾಲಕ್ಕೆ ಔಷಧಿ ಅಂಗಡಿಯಾಗಿದ್ದ ಆ ಸ್ಟುಡಿಯೋದಲ್ಲಿ ಮೂವರು ಹಿನ್ನೆಲೆ ಗಾಯಕಿಯರಿಗೆ ಇದ್ದದ್ದು ಒಂದೇ ಮೈಕು. ಮೋಝೆಲ್ ಮತ್ತು ಅವಳ ತಂಗಿ ಅಲ್ಲಿ ಖಾಯಂ. ಮೂರನೆಯ ಜಾಗ ಖಾಲಿಯಾಗಿದ್ದರಿಂದ ಚರ್ಚಿನಲ್ಲಿ ಹಾಡುವ ಆರ್ಡೆಲಾಳನ್ನು ಪರೀಕ್ಷೆಗೆ ಕರೆದಿದ್ದರು. ಇವತ್ತಿನ ಹಾಡು ಸರಿಹೋದರೆ ಆ ಜಾಗ ಅವಳದ್ದು. ಹದಿನಾಲ್ಕು ವರ್ಷದಿಂದ ಊರವರ ಬಟ್ಟೆಗೆ ಇಸ್ತ್ರಿ ಹಾಕಿ ಅಂಗೈ ಸುಟ್ಟುಕೊಂಡವಳಿಗೆ ಹಾಡಿ ಬದುಕುವುದೊಂದೇ ಆಸೆ.

ಹಾಡು ಮುದ್ರಿಸುವ ಹಾಲಿಸ್ ಯಂತ್ರದ ಕೋಣೆಯಿಂದ ತಲೆ ಹೊರಹಾಕಿ, "ಒಂದ್ ಹೆಜ್ಜೆ ಹಿಂದೆ ನಿಂತ್ಕೊ, ಸಿಸ್ಟರ್" ಎಂದ. ಒಂದೇ ಮೈಕಿದ್ದಲ್ಲಿ ದೊಡ್ಡ ದನಿಯವಳು ಹಿಂದೆ ಸರಿಯಬೇಕು, ಅದೇ ರೂಢಿ. ಆರ್ಡೆಲಾ ಸರಿದಳು. ಮುಳ್ಳು ನೆಗೆಯಿತು. ನಾಲ್ಕು ಹೆಜ್ಜೆ ಸರಿದು ಡ್ರಮ್ಮಿನವನ ಊಟದ ಪೊಟ್ಟಣದೊಳಗೆ ಕಾಲಿಟ್ಟಳು. ಅವನು ಹುರಿದ ಮೀನಿನ ಗತಿ ನೋಡಿ ನಿಟ್ಟುಸಿರಿಟ್ಟ. ಮುಳ್ಳು ಮತ್ತೆ ನೆಗೆಯಿತು. ಗೋಡೆಗೆ ಬೆನ್ನು ತಾಗಿತು, ಆಮೇಲೆ ಬಾಗಿಲು ಸಿಕ್ಕಿತು.

"ಇನ್ನೂ ಹಿಂದಕ್ಕೆ ಹೋದ್ರೆ ನದಿ ದಾಟಿ ಆರ್ಕನ್ಸಾ ಸೇರ್ತೀಯ ಕಣೆ," ಎಂದಳು ಮೋಝೆಲ್. "ಅಲ್ಲಿಂದ್ಲೇ ಹಾಡು. ಇಲ್ಲಿಗೆ ಸರಿಯಾಗಿ ಕೇಳ್ಸುತ್ತೆ."

ಕೊನೆಗೆ ಬಾಗಿಲು ತೆರೆದಿಟ್ಟು ಅವಳನ್ನು ಫುಟ್‌ಪಾತಿನ ಮೇಲೆಯೇ ನಿಲ್ಲಿಸಿದರು. ಆಗಸ್ಟ್ ತಿಂಗಳ ಬಿಸಿಲು. ಪಕ್ಕದ ಬ್ಯೂಟಿ ಪಾರ್ಲರಿನಿಂದ, ಅರ್ಧ ನೇರವಾದ ಅರ್ಧ ಗುಂಗುರು ಕೂದಲಿನ ಆರೇಳು ಹೆಂಗಸರು ಕೊರಳಿಗೆ ಟವೆಲ್ ಸುತ್ತಿಕೊಂಡೇ ಹೊರಬಂದರು. ಒಬ್ಬಳು ಹೊಟ್ಟೆಯ ಮೇಲೆ ಕೈಯಿಡು ಎಂದಳು, ಇನ್ನೊಬ್ಬಳು ಪೆಪ್ಪರ್‌ಮಿಂಟ್ ಕೊಟ್ಟಳು, ಮತ್ತೊಬ್ಬಳು ಬಿಸಿಲಲ್ಲಿ ಹಾಡಿದರೆ ಹಲ್ಲು ಬೀಳುತ್ತದೆಂದು ಹೆದರಿಸಿದಳು.

ಒಳಗೆ ಮುಖ್ಯ ಗಾಯಕ, ತನ್ನನ್ನು ಬಿಟ್ಟುಹೋದವಳನ್ನು ಬಾ ಎಂದು ಹಾಡಿನಲ್ಲಿ ಕರೆಯತೊಡಗಿದ. ಅವನಿಗೆ ಉತ್ತರ ಕೊಡುವುದು ಹಿನ್ನೆಲೆಯ ಹೆಂಗಸರ ಕೆಲಸ. ಆರ್ಡೆಲಾ ಉತ್ತರ ಕೊಟ್ಟಳು. ಚರ್ಚಿನಲ್ಲಿ ಒಬ್ಬರು ಎತ್ತಿದ ಹಾಡಿಗೆ ದನಿಗೂಡಿಸಿಯೇ ಬೆಳೆದ ಪಾರ್ಲರಿನ ಹೆಂಗಸರೂ ತಮಗರಿವಿಲ್ಲದೆ ಜೊತೆಗೂಡಿದರು. ಆಗ ಅವಳು ಮುಳ್ಳನ್ನು ಮರೆತಳು. ದನಿ ಏರಿತು. ಗುಲಾಮಗಿರಿಯ ಕಾಲದ ಅಜ್ಜಿಕತೆಗಳಲ್ಲಿ, ಗುದ್ದಲಿ ಬಿಸುಟು ಹತ್ತಿಹೊಲದಿಂದ ಆಕಾಶಕ್ಕೆ ನಡೆದುಹೋಗುವ ಹೆಂಗಸರಂತೆ, ಯಾರಿಗೂ ಕಾಣದ ಮೆಟ್ಟಿಲನ್ನು ಒಂದೊಂದಾಗಿ ಹತ್ತಿತು. ಎದುರಿಗೆ ನಿಂತ ಬಸ್ಸು ಹೊರಡುವುದನ್ನು ಮರೆಯಿತು. ಒಂದು ಗಳಿಗೆ ಬಿಸಿಲೂ ತಂಪಾದಂತಿತ್ತು.

ಟೇಪು ಕೇಳಲು ಎಲ್ಲರೂ ಒಳನುಗ್ಗಿದರು. ಮುಳ್ಳು ಈ ಸಲ ಹದವಾಗಿ ತೂಗುತ್ತಿತ್ತು. ಸ್ಪೀಕರಿನಿಂದ ಆ ದನಿ ಎದ್ದಾಗ ಗಾಯಕ ಟೋಪಿ ತೆಗೆದು ಎದೆಗೊತ್ತಿಕೊಂಡ.

"ಎಲ್ಲಾರ್ ಮೇಲೂ ಹೋಯ್ತಲ್ಲ, ಆ ದನಿ," ಎಂದ ಹಾಲಿಸ್ ಮೆಲ್ಲಗೆ. "ನಿಂದೇನಾ, ಸಿಸ್ಟರ್?"

ಆರ್ಡೆಲಾ ತನ್ನ ದನಿಯನ್ನು ಹೊರಗಿನಿಂದ ಎಂದೂ ಕೇಳಿದವಳಲ್ಲ. ಅವಳಿಗೆ ಗೊತ್ತಿದ್ದದ್ದು ತನ್ನ ತಲೆಯೊಳಗಿನ ಗದ್ದಲ ಮಾತ್ರ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ನಂದಲ್ಲ, ಮಿಸ್ಟರ್ ಹಾಲಿಸ್. ನಂದು ತಗಡು. ಇದು ದೇವ್ರು ಪುರುಸೊತ್ತಾಗಿ ಕೂತು ಮಾಡಿದ್ದು. ಸುಳ್ ಹೇಳಿ ಇನ್ನೊಬ್ಬಳ ಹೊಟ್ಟೆ ಮೇಲೆ ನಾನ್ ಹೊಡಿಯಲ್ಲ."

ಆರ್ಡೆಲಾಳದ್ದು ಹಡಗಿನ ಸಿಳ್ಳೆ, ಇದು ಖಂಡಿತ ಅಲ್ಲ ಎಂದು ಮೋಝೆಲ್ ಸಾಕ್ಷಿ ನುಡಿದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನ್ನದೇ ಇರಬಹುದೇ ಎಂಬ ಆಸೆ ಪ್ರತಿ ಮುಖದಲ್ಲೂ ಒಮ್ಮೆ ಮಿನುಗಿ ಆರಿತು. ಹಾಡುವಾಗ ತನ್ನ ಬಲಭುಜಕ್ಕೆ ತಾಗಿ ನಿಂತಿದ್ದವಳು ಪಾರ್ಲರಿನ ಒಡತಿ ಟೆನ್ಸೀ ಎಂಬುದು ಆರ್ಡೆಲಾಗೆ ನೆನಪಾಯಿತು. ಅವಳ ಕೈಹಿಡಿದು ಮುಂದಕ್ಕೆಳೆದಳು.

"ಇವ್ರೇ ಇರ್ಬೇಕು. ಪಾಪ, ನಾಚ್ಕೊಂಡು ಸುಮ್ನೆ ನಿಂತಿದಾರೆ."

ಹಾಲಿಸ್ ಕಣ್ಣೊರೆಸಿಕೊಂಡು ಟೆನ್ಸೀಯ ಎರಡೂ ಕೈ ಹಿಡಿದ. ಮೂರನೆಯ ಜಾಗ ಇನ್ನು ಮೇಲೆ ಅವಳದ್ದೇ, ಸೋಮವಾರದಿಂದಲೇ ಬರಬೇಕು ಎಂದು ಕಾಗದ ಮುಂದಿಟ್ಟ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಆರ್ಡೆಲಾ.

ಟೆನ್ಸೀ ಎಲ್ಲರನ್ನೂ ಒಮ್ಮೆ ನೋಡಿದಳು. ಯಾರದೋ ಜಡೆ ಅರ್ಧಕ್ಕೆ ಬಿಟ್ಟು ಓಡಿಬಂದಾಗಿನಿಂದ ಈ ಗಳಿಗೆಯವರೆಗೂ ತುಟಿ ಬಿಗಿದು ಕಚ್ಚಿಕೊಂಡಿದ್ದ ಏಳು ಹೇರ್‌ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿದಳು.

"ಎಷ್ಟ್ ಗಂಟೆಗೆ ಬರ್ಲಿ, ಮಿಸ್ಟರ್ ಹಾಲಿಸ್?" ಎಂದಳು.